ತಳಕ್ಕಿಳಿದ ರಕ್ತ

ಮಿನ್ನೆಸೋಟದ ಪ್ರಯೋಗಾಲಯದಲ್ಲಿ ವರ್ಲಾಳ ಕೆಲಸ ಫ್ಲೂ ವೈರಸ್ಸನ್ನು ಟರ್ಕಿ ಕೋಳಿಯ ರಕ್ತದಲ್ಲಿ ಪರೀಕ್ಷಿಸುವುದು. ವೈರಸ್ಸಿನ ಮೈಮೇಲಿನ ಮುಳ್ಳುಗಳು ರಕ್ತಕಣಗಳನ್ನು ಹಿಡಿದುಕೊಂಡರೆ ಪರೀಕ್ಷೆಯ ತಟ್ಟೆಯಲ್ಲಿನ ಪುಟ್ಟ ಗುಳಿಯೆಲ್ಲ ಮಬ್ಬು ಕೆಂಪಾಗುತ್ತದೆ. ಲಸಿಕೆ ಪಡೆದವರ ರಕ್ತದ ತಿಳಿ ಆ ಮುಳ್ಳುಗಳನ್ನು ಗುರುತಿಸಿ ಮುಚ್ಚಿದರೆ, ಕಣಗಳು ತಳಕ್ಕಿಳಿದು ಅಂಗಿಯ ಗುಂಡಿಯಂತೆ ಕೂರುತ್ತವೆ.

ಆ ಜನವರಿಯಲ್ಲಿ ಬಂದ ವೈರಸ್ಸು ಅವಳ ಅಕ್ಕ ಐರಿಸ್ ಇದ್ದ ವೃದ್ಧಾಶ್ರಮದ್ದು. ಅದರ ಮುಳ್ಳು ಎರಡು ಕಡೆ ಬದಲಾಗಿತ್ತು. ಅಕ್ಕನಿಗೆ ಹಾಕಿದ್ದೋ ಹಳೆಯ ಮುಳ್ಳಿಗೆಂದು ಮಾಡಿದ ಲಸಿಕೆ. ಅದು ಈ ಹೊಸ ವೇಷವನ್ನು ಗುರುತಿಸೀತೇ?

ಅದೇ ಲಸಿಕೆ ಪಡೆದವರ ತಿಳಿಯೂ ಹೊಸ ವೈರಸ್ಸೂ ಬೆರೆತಿದ್ದ ತಟ್ಟೆಗೆ ಕೋಳಿಯ ರಕ್ತ ಹಾಕಿದವಳೇ ವರ್ಲಾ ಬಗ್ಗಿ ನೋಡಿದಳು. “ಎಲ್ಲಾ ಮಬ್ಬಾಗೇ ಇದೆ ಕಣೋ, ಕರ್ಟಿಸ್.”

“ಈಗ್ತಾನೆ ಹಾಕಿದೀಯಲ್ಲೇ ಮಾರಾಯ್ತಿ!” ಜೊತೆಯ ಕೆಲಸಗಾರ ಕರ್ಟಿಸ್ ರೇಗಿದ. “ಮೊದ್ಲು ಮೇಜಿನ ಮೇಲಿಂದ ಮೊಣಕೈ ತೆಗಿ. ನಾನು ಹೀಗೆ ಅಲ್ಲಾಡ್ಸಿದ್ರೆ ನೀನು ನನ್ನ ಚರ್ಮ ಸುಲಿತಿದ್ದೆ.”

ವರ್ಲಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅರ್ಧ ಗಂಟೆ ಕಳೆದ ಮೇಲೆ ತಟ್ಟೆಯನ್ನು ಮೆಲ್ಲಗೆ ಓರೆ ಮಾಡಿದಳು. ಮೊದಲ ಗುಳಿಯ ಕೆಂಪು ಗುಂಡಿ ಕಣ್ಣೀರಿನಂತೆ ಜಾರಿತು. ಎರಡನೆಯದೂ ಜಾರಿತು, ಮೂರನೆಯದೂ. ಗುಳಿಯಿಂದ ಗುಳಿಗೆ ತಿಳಿಯನ್ನು ತೆಳುವಾಗಿಸುತ್ತ ಹೋಗಿದ್ದರು; ಹಳೆಯ ವೈರಸ್ಸನ್ನು ತಡೆದದ್ದಕ್ಕಿಂತ ಒಂದೇ ಒಂದು ಗುಳಿ ಕಡಿಮೆ.

“ಗುರ್ತು ಹಿಡೀತು,” ಎಂದು ಕರ್ಟಿಸ್ ಅವಳ ಬೆನ್ನು ತಟ್ಟಿದ.

ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದಳು. “ಐರಿಸ್, ನಿನ್ನ ಲಸಿಕೆ ಇನ್ನೂ ಕೆಲಸಕ್ಕೆ ಬರತ್ತೆ ಕಣೇ.”

“ಬರದೆ ಏನು? ಆ ಸೂಜಿಗೆ ತೋಳು ಮೂರು ದಿನ ನೋಯ್ತು,” ಎಂದಳು ಐರಿಸ್. “ನೀನು ಊಟ ಮಾಡಿದ್ಯಾ?”

ಇಲ್ಲವೆಂದು ಆಗ ವರ್ಲಾಳಿಗೆ ನೆನಪಾಯಿತು; ಒಳ್ಳೆಯ ಹಸಿವೂ ಆಯಿತು.