ತವರಲ್ಲೇ ಬೆಂದ ಮಡಿಲಕ್ಕಿ

ಅತ್ತೆಯ ಬಲಗೈ ಮೇಲಿನ ಹಸಿರು ಹಚ್ಚೆ ಬೆಳಗಿನ ಹೊತ್ತು ಕಾಣುತ್ತಲೇ ಇರಲಿಲ್ಲ. ಮೊಳಕೈವರೆಗೂ ಸಗಣಿ ಮೆತ್ತಿಕೊಂಡಿರುತ್ತಿತ್ತು. ಅವತ್ತೂ ಹಾಗೇ. ಕೊಟ್ಟಿಗೆ ಬಾಚಿ, ಅಂಗಳಕ್ಕೆ ಸಗಣಿನೀರು ಹಾಕಿ, ಬಚ್ಚಲ ಒಲೆಗೆ ಕಬ್ಬಿನ ತರಗು ತುರುಕಿ, ಡೈರಿಗೆ ಹಾಲು ಹಾಕಿ ಬಂದ ಮೇಲೆಯೇ ಕೈ ತೊಳೆದದ್ದು. ಆಗ ಹಚ್ಚೆಯ ಬಳ್ಳಿಯೂ ಅದರ ತುದಿಯ ಚೇಳೂ ಹೊರಬಂದವು.

ಅತ್ತೆ ಅಂದರೆ ನಮ್ಮ ತಂದೆಯ ತಂಗಿ. ನಾಗಮಂಗಲದ ಕಡೆ ಕೊಟ್ಟಿದ್ದರಂತೆ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದಾಗ, ಟ್ರಂಕು ಎತ್ತಿಕೊಂಡು ಕ್ಯಾತನಹಳ್ಳಿಯ ತವರಿಗೆ ಬಂದವಳು ಮತ್ತೆ ಹಿಂದಿರುಗಲಿಲ್ಲ. ತಾಳಿ ಮಾತ್ರ ತೆಗೆಯಲಿಲ್ಲ. ಯಾಕತ್ತೆ ಅಂದರೆ, "ಅವ್ನ್ಗಲ್ಲ ಕಣ್ ಕೂಸೇ, ಊರೋರ ಬಾಯ್ಗೆ" ಅನ್ನುತ್ತಿದ್ದಳು. ಅಮ್ಮ ಕಾಯಿಲೆ ಬಿದ್ದಾಗ ನನ್ನನ್ನು ಸಾಕಿದವಳು ಅವಳು. ಮೈಸೂರಿನ ಕಾನ್ವೆಂಟಿನಿಂದ ರಜೆಗೆ ಬಂದರೆ ನನ್ನ ಇಂಗ್ಲಿಷ್ ಪದ್ಯಗಳನ್ನು ಬೆರಣಿ ತಟ್ಟುತ್ತಾ ಕೇಳಿ, "ಚೆಂದಾಗದೆ, ಅರ್ಥ ಬ್ಯಾಡ ಬುಡು" ಅನ್ನುತ್ತಿದ್ದಳು. ತಾತ ಹಾಸಿಗೆ ಹಿಡಿದಾಗ ಬಳಿದದ್ದು, ಬಾಚಿದ್ದು, ತುತ್ತು ತಿನ್ನಿಸಿದ್ದು ಎಲ್ಲ ಅವಳೇ. ಗಂಡುಮಕ್ಕಳು ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು.

ತಾತ ಹೋದ ಮೇಲೆ ಗದ್ದೆಯನ್ನು ಅಪ್ಪ, ಚಿಕ್ಕಪ್ಪ ಹಂಚಿಕೊಂಡರು. ತಾತ ಕಟ್ಟಿಸಿದ ಮನೆ ಚಿಕ್ಕಪ್ಪನ ಹೆಸರಿಗಾಗಬೇಕಿತ್ತು. ಅದಕ್ಕೆ ಅಪ್ಪನೂ ಅತ್ತೆಯೂ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಬೇಕು. ಸಾಕ್ಷಿಗಿರಲಿ ಅಂತ ಶ್ರೀರಂಗಪಟ್ಟಣದ ಗಂಡನ ಮನೆಯಿಂದ ನನ್ನನ್ನೂ ಕರೆಸಿದ್ದರು. ವಕೀಲರು ಬೇಡವೆಂದು ಅಣ್ಣತಮ್ಮಂದಿರು ಮೊದಲೇ ತೀರ್ಮಾನಿಸಿದ್ದರು. "ಒಡಹುಟ್ಟಿದೋರ ಮಧ್ಯೆ ಕರಿಕೋಟ್ ಯಾಕೆ?" ಎಂಬುದು ಅಪ್ಪನ ಮಾತು. ಎಷ್ಟು ಮುದ್ದಾದ ಮಾತು! ಕರಿಕೋಟಿನವರು ಒಬ್ಬರು ಇದ್ದಿದ್ದರೆ, ಆ ಮನೆಯಲ್ಲಿ ಅವಳಿಗೂ ಸಮಪಾಲಿದೆ ಎಂದು ಅವಳೆದುರಿಗೇ ಹೇಳಿಬಿಡುತ್ತಿದ್ದರು.

ಅತ್ತೆಗೆ ಅದು ಗೊತ್ತಿತ್ತು. ಆದರೂ ಪಾಲು ಕೇಳಲಿಲ್ಲ. ಹಿತ್ತಲ ಕಡೆಯ ಕೋಣೆ ಬದುಕಿರುವವರೆಗೆ ತನ್ನದು ಅಂತ ಪತ್ರದಲ್ಲಿ ಒಂದು ಸಾಲು ಬರೆಸಿ ಅಂದಿದ್ದಳು, ಅಷ್ಟೇ. ಸಹಿಗೆ ಹೊರಡಬೇಕಿದ್ದ ಅವತ್ತು ಬೆಳಿಗ್ಗೆ ರೊಟ್ಟಿ ಬಡಿಸುತ್ತಾ ಚಿಕ್ಕಪ್ಪನನ್ನು ಕೇಳಿದಳು:

"ಬರ್ಸುದ್ಯೇನ್ಲಾ?"

"ನಿನ್ನ ಯಾರಕ್ಕಯ್ಯ ಆಚ್ಗಾಕರು? ನನ್ ಮೇಲೆ ನಂಬ್ಕೆ ಇಲ್ವಾ?"

"ಐತಲ್ಲ. ಅದ್ನೇ ಬರ್ದ್ಬುಡು."

ಅಪ್ಪ ಕೈಗಡಿಯಾರ ನೋಡಿಕೊಂಡರು. "ಪತ್ರ ಟೈಪಾಗೋಗಿದೆ ಕಣಮ್ಮ. ಪಾಂಡವಪುರದಲ್ಲಿ ರಿಜಿಸ್ಟ್ರಾರು ನಿನಗೋಸ್ಕರ ಕಾಯ್ತಾ ಕೂತಿರಲ್ಲ."

"ಟೈಪ್ ಮಾಡ್ದೋನ ಬೆರ್ಳೇನ್ ಉದುರೋದ್ವಾ?"

ನಾನು ನಕ್ಕುಬಿಟ್ಟೆ. ಅಪ್ಪ ದುರುಗುಟ್ಟಿದರು. ಹೊರಗೆ ಬಾಡಿಗೆ ಅಂಬಾಸಿಡರ್ ಕಾರು ನಿಂತಿತ್ತು.

ಹಕ್ಕು ಬಿಟ್ಟುಕೊಡುವ ಹೆಣ್ಣುಮಗಳಿಗೆ ಸೀರೆ, ಅರಿಶಿನ ಕುಂಕುಮ ಕೊಡುವುದು ನಮ್ಮಲ್ಲಿ ವಾಡಿಕೆ. ಶಾಸ್ತ್ರದಲ್ಲಿ ಏನೂ ಕಡಿಮೆಯಾಗಬಾರದು ಅಂತ ಚಿಕ್ಕಮ್ಮ ಅದರ ಜೊತೆಗೆ ಮೊರದ ತುಂಬ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ತಂದು, ಅತ್ತೆಯನ್ನು ಮಣೆ ಮೇಲೆ ಕೂರಿಸಿ ಮಡಿಲಕ್ಕಿ ಹುಯ್ಯತೊಡಗಿದಳು. ಅತ್ತೆಯೂ ಸುಮ್ಮನೆ ಸೆರಗು ಹಿಡಿದಳು. ಇನ್ನೇನು ಮೊರ ಬರಿದಾಗಬೇಕು, ಚಿಕ್ಕಮ್ಮನ ಮಣಿಕಟ್ಟು ಹಿಡಿದುಕೊಂಡಳು.

"ಮಡ್ಲಕ್ಕಿ ಉಯ್ಯದು ಯಾರ್ಗೆ?"

"ಮನೆ ಮಗಳ್ಗೆ, ಅಕ್ಕಯ್ಯ."

"ಯಾವಾಗ?"

ಚಿಕ್ಕಮ್ಮನ ಮುಖ ಬಿಳುಚಿತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹುಯ್ಯುವ ಅಕ್ಕಿ ಅದು. ಅದನ್ನು ಅಲ್ಲಿಗೆ ಒಯ್ದು ಅಲ್ಲೇ ಬೇಯಿಸಬೇಕು. ಯಾರೂ ಸಂಚು ಹೂಡಿ ಮಾಡಿದ್ದಲ್ಲದಿರಬಹುದು. ಆದರೆ ಮನಸ್ಸಿನಲ್ಲಿ ಇದ್ದದ್ದು ಕೈಗೆ ಬಂದಿತ್ತು.

"ಯಾವೂರ್ಗೆ ಸಾಗಾಕ್ತಿದ್ದೀರಿ ನನ್ನ? ನಾಗ್ಮಂಗ್ಲಕ್ಕಾ? ಸವ್ತಿ ಒಲೆ ಮ್ಯಾಲೆ ಬೇಯಿಸ್ಕಂಡ್ ಉಣ್ಲಾ?"

ದನಕ್ಕೆ, ಕೋಳಿಗೆ, ನಮಗೆ ಕೂಗಾಡುವ ಅತ್ತೆಯ ಗಂಟಲು ನನಗೆ ಗೊತ್ತಿತ್ತು. ಇದು ಬೇರೆ. ಸೆರಗನ್ನು ಹಾಗೇ ಒಟ್ಟುಗೂಡಿಸಿ ಅಡುಗೆಮನೆಗೆ ನಡೆದಳು. ಬೆಲ್ಲ, ಕೊಬ್ಬರಿ, ಎಲೆ ಆರಿಸಿ ಪಕ್ಕಕ್ಕಿಟ್ಟು ಅಕ್ಕಿಯನ್ನು ಪಾತ್ರೆಗೆ ಸುರಿದು ನೀರು ಹಾಕಿದಳು.

"ಕೂಸೇ, ಸೌದೆ ಮುಂದಕ್ ತಳ್ಳು."

ತಳ್ಳಿದೆ. ಅಪ್ಪ ಬಾಗಿಲಿಗೆ ಬಂದರು. "ಏಯ್, ಮಡ್ಲಕ್ಕೀನ ತೌರಲ್ಲಿ ಬೇಯಿಸ್ತಾರೇನೇ? ಅಪಶಕುನ!"

"ನನ್ ಮನೆ ಇದೇಯ ಅಣ್ಣಯ್ಯ, ಇಲ್ಲೇ ಬೇಯಿಸ್ತೀನಿ. ಉಣ್ಣಂಗಿದ್ರೆ ಕೂತ್ಕಳಿ. ಇಲ್ದಿದ್ರೆ ಕಾರ್ ಅತ್ತಿ."

ಕಾರು ಖಾಲಿ ವಾಪಸು ಹೋಯಿತು. ಅರಿಶಿನ ಹತ್ತಿ ಹಳದಿಯಾಗಿದ್ದ ಅನ್ನಕ್ಕೆ ಹುರುಳಿ ಸಾರು. ಚಿಕ್ಕಪ್ಪ ತಲೆ ಎತ್ತದೆ ಉಂಡ. ಅಪ್ಪ ಉಣ್ಣಲಿಲ್ಲ, ಜಗಲಿಯ ಮೇಲೆ ಪೇಪರು ಹಿಡಿದು ಕೂತರು. ತನ್ನ ಅಪ್ಪನ ಮಲ ಬಾಚಿದ ತಂಗಿಗೆ ಒಂದು ಸಾಲು ಬರೆದುಕೊಡಲು ಆಗದ ಮನುಷ್ಯನಿಗೆ ಶಕುನದ ಚಿಂತೆ! ನಮ್ಮ ಕಾನ್ವೆಂಟಿನ ಸಿಸ್ಟರುಗಳು ಹೆಣ್ಣುಮಕ್ಕಳು ದನಿ ಏರಿಸಬಾರದೆಂದು ಕಲಿಸಿದ್ದರು. ಅದಕ್ಕೇ ಏನೂ ಅನ್ನದೆ ಅನ್ನ ಬಡಿಸಿದೆ. ಅಪ್ಪ ಈಗಿಲ್ಲ. ಆ ಸಿಟ್ಟು ಮಾತ್ರ ಇದನ್ನು ಬರೆಯುವಾಗಲೂ ಒಂದಿಷ್ಟೂ ಇಳಿದಿಲ್ಲ.

ಆಮೇಲೆ ಆ ಸಾಲು ಸೇರಿಸಿ ಪತ್ರವನ್ನು ಮತ್ತೆ ಟೈಪು ಮಾಡಿಸಿದರು. ಅತ್ತೆ ನನ್ನಿಂದ ಅದನ್ನು ಗಟ್ಟಿಯಾಗಿ ಓದಿಸಿ, ಕೇಳಿಸಿಕೊಂಡು, ಆಮೇಲೆಯೇ ಸಹಿ ಹಾಕಿದಳು. ಹಿತ್ತಲ ಕಡೆಯ ಆ ಕೋಣೆಯಲ್ಲೇ ಬಾಳಿ, ಅಲ್ಲೇ ತೀರಿಕೊಂಡಳು. ಅಪ್ಪ ಹೋದ ಮೇಲೆ ನನ್ನ ತಮ್ಮನೂ ಅಪ್ಪನ ಮೈಸೂರಿನ ಮನೆಯ ಕಾಗದ ತಂದು "ಒಂದು ಸಹಿ ಅಷ್ಟೇ ಅಕ್ಕ" ಅಂದಾಗ, "ಕೂತ್ಕೊ, ಪೂರ್ತಿ ಓದ್ತೀನಿ" ಅಂದೆ. ದನಿ ಏರಲಿಲ್ಲ; ಆದರೆ ಅದು ಅತ್ತೆಯಿಂದ ಬಂದ ಮಾತು.

ಮಡಿಲಕ್ಕಿ ಬೇಯಿಸಿದ ದಿನ ಸಂಜೆ ಅತ್ತೆ ಹುಲ್ಲಿಗೆ ಹೋಗಿದ್ದಳು. ದಿನಾ ಅವಳ ಕೈಯಿಂದ ಮಜ್ಜಿಗೆ ಇಸಿದುಕೊಂಡು ಹೋಗುವ ಪಕ್ಕದ ಮನೆಯಾಕೆ ಚೊಂಬು ಹಿಡಿದು ಬಂದಳು. ಬೆಳಗಿನ ಗಲಾಟೆ ಗೋಡೆಯಾಚೆಗೆ ಕೇಳಿಸಿತ್ತು. ನಾನು ಮಜ್ಜಿಗೆ ಹುಯ್ಯುವಾಗ, ಚೊಂಬಿನೊಳಗೆ ಬಗ್ಗಿ ನೋಡುತ್ತಾ ಅಂದಳು:

"ಏನೇ ಅನ್ನವ್ವ, ಇನ್ನೊಬ್ರ ಮನೇಲಿ ಇರೋಳು ಅಷ್ಟೊಂದ್ ಜೋರ್ ಮಾಡ್ಬಾರ್ದು. ಇನ್ನೊಂದ್ ವಸಿ ಉಯ್ಯಿ."