ಟ್ರಾಫಿಕ್ ಇಲ್ಲದ ಊರಿನ ಆಸ್ಪತ್ರೆ

ಇಡೀ ದೇಶದ ಮಕ್ಕಳಿಗೆಂದು ಒಂದು ದೊಡ್ಡ ಆಸ್ಪತ್ರೆ ನಮ್ಮ ಕಡೆ ಬರುತ್ತದೆಂದಾಗ, ಜಾಗ ಆರಿಸುವ ಸಮಿತಿಯಲ್ಲಿ ಕಾಯಿಲೆಯ ಮಗುವಿನ ತಾಯಿಯೂ ಒಬ್ಬಳಿರಲಿ ಎಂದು ನನ್ನನ್ನು ಕರೆದರು. ನನ್ನ ಮಗಳಿಗೆ ಫಿಟ್ಸ್. ಒಮ್ಮೆ ಶುರುವಾಗಿ ನಿಲ್ಲದಿದ್ದರೆ, ಸಂಜಯನಗರದ ನಮ್ಮ ಮನೆಯಿಂದ ಎಷ್ಟು ಬೇಗ ಆಸ್ಪತ್ರೆ ಮುಟ್ಟುತ್ತೇವೆ ಅನ್ನುವುದರ ಮೇಲೆ ಅವಳ ಜೀವ ನಿಂತಿದೆ. ಸಮಿತಿಗೆ ಇದನ್ನೇ ಹೇಳಿದೆ. ಅಯ್ಯೋ ಪಾಪ ಅಂದು ಗೋಡಂಬಿ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಜಾಗ ಎರಡಿದ್ದವು. ಒಂದು ಯಶವಂತಪುರದ ರೈಲ್ವೆ ಸ್ಟೇಷನ್ ಪಕ್ಕದ ಹಳೆಯ ಗೋದಾಮು, ಇನ್ನೊಂದು ಊರ ಹೊರಗೆ, ಹೆಸರಘಟ್ಟದಾಚೆಯ ಬಯಲು. ದೂರದೂರಿನಿಂದ ಮಗುವನ್ನೆತ್ತಿಕೊಂಡು ರೈಲಿಳಿಯುವವರಿಗೂ ನನಗೂ ಮೊದಲನೆಯದೇ ಸರಿ ಎಂದು ಎಂಥ ದಡ್ಡನಿಗೂ ಹೊಳೆಯುತ್ತದೆ. ಅಧ್ಯಕ್ಷರು ದಡ್ಡರಲ್ಲ, ನಿವೃತ್ತ ಡಾಕ್ಟರು. ಗೋದಾಮಿಗೆ ಕಾಲಿಟ್ಟವರೇ ಮೂಗು ಮುಚ್ಚಿಕೊಂಡರು.

"ಪಕ್ಕದ ಮಾರ್ಕೆಟ್ ಯಾರ್ಡಿಂದ ಈರುಳ್ಳಿ ವಾಸನೆ ಬರ್ತಿದೆ ಕಣ್ರೀ. ನ್ಯಾಷನಲ್ ಲೆವೆಲ್ ಆಸ್ಪತ್ರೆ ಅಂದ್ಮೇಲೆ ಒಂದು ಘನತೆ ಬೇಡ್ವಾ?"

ಈರುಳ್ಳಿ ವಾಸನೆಗೆ ಸತ್ತ ಮಗುವನ್ನು ನಾನಂತೂ ಕಂಡಿಲ್ಲ.

ಹೆಸರಘಟ್ಟಕ್ಕೆ ಹೋದದ್ದು ಭಾನುವಾರ ಬೆಳಿಗ್ಗೆ. ರಸ್ತೆ ಖಾಲಿ. ಸಮಿತಿಯ ಎಂಜಿನಿಯರ್ ಬಯಲಿನಲ್ಲಿ ದಿಕ್ಸೂಚಿ ಹಿಡಿದು ಎರಡು ಸುತ್ತು ಹಾಕಿ, ಈಶಾನ್ಯಕ್ಕೆ ನೀರಿದೆ, ವಾಸ್ತು ಅದ್ಭುತ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡಿದ್ರಾ ಮೇಡಂ, ಇಲ್ಲೇ ಅಲ್ವಾ? ಟ್ರಾಫಿಕ್ ಇಲ್ದಿದ್ರೆ ಅರ್ಧ ಗಂಟೆ."

ನಮ್ಮೂರಿನಲ್ಲಿ ಎಲ್ಲವೂ ಹೀಗೆ ಇಲ್ಲೇ ಇರುತ್ತದೆ. ಮನೆ ತೋರಿಸುವ ಬ್ರೋಕರ್, ಮದುವೆಗೆ ಕರೆಯುವ ನೆಂಟರು, ಎಲ್ಲರೂ ಟ್ರಾಫಿಕ್ ಇಲ್ಲದ ಬೆಂಗಳೂರೊಂದನ್ನು ತಲೆಯಲ್ಲಿಟ್ಟುಕೊಂಡೇ ದೂರ ಹೇಳುತ್ತಾರೆ. ಆ ಬೆಂಗಳೂರಿನಲ್ಲಿ ಯಾರೂ ವಾಸವಿಲ್ಲ. ಛತ್ರಕ್ಕೆ ತಡವಾಗಿ ಹೋದರೂ ಊಟ ಸಿಗುತ್ತದೆ, ಅದು ಬೇರೆ ಮಾತು. ಆಸ್ಪತ್ರೆಯನ್ನೂ ಇದೇ ಲೆಕ್ಕದಲ್ಲಿ ಕಟ್ಟುವ ಈ ಓದಿದ ಜನರನ್ನು ಕಂಡು ನನಗೆ ಹೇಸಿಗೆಯಾಯಿತು.

ಯಾರದೋ ತೋಟದ ಮನೆಯಲ್ಲಿ ಗಡದ್ದಾಗಿ ಉಂಡು ಸಂಜೆ ಹೊರಟೆವು. ತುಮಕೂರು ರಸ್ತೆಗೆ ಬರುತ್ತಿದ್ದಂತೆ ವ್ಯಾನ್ ನಿಂತಿತು. ಊರಿಗೆ ಹೋಗಿದ್ದವರೆಲ್ಲ ವಾಪಸು ಬರುವ ಹೊತ್ತು, ಗೊರಗುಂಟೆಪಾಳ್ಯದವರೆಗೂ ಬರೀ ಕೆಂಪು ದೀಪ. ಅಧ್ಯಕ್ಷರಿಗೆ ಸಕ್ಕರೆ ಕಾಯಿಲೆ. ಸ್ವಲ್ಪ ಹೊತ್ತು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಆಮೇಲೆ ಘನತೆಯನ್ನೆಲ್ಲ ಬಿಟ್ಟರು.

"ಡ್ರೈವರ್, ಏನಾದ್ರೂ ಮಾಡಪ್ಪಾ. ತಡ್ಕೊಳಕ್ಕೆ ಆಗ್ತಿಲ್ಲ."

"ಇನ್ನೇನ್ ಬಂದೇಬಿಟ್ವಿ ಸಾರ್," ಎಂದರು ಎಂಜಿನಿಯರ್. ನನಗೆ ಕನಿಕರ ಬರಲಿಲ್ಲ, ಖುಷಿಯೇ ಆಯಿತು.

ಅಂತೂ ಮತ್ತಿಕೆರೆಯ ಒಂದು ನರ್ಸಿಂಗ್ ಹೋಮ್ ಮುಂದೆ ವ್ಯಾನ್ ನಿಲ್ಲಿಸಿದರು. ಅಧ್ಯಕ್ಷರು ಒಳಗೆ ಓಡಿದರು. ಹಗುರಾಗಿ, ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನನಗೆ ಬುದ್ಧಿ ಹೇಳಿದರು.

"ಮೇಡಂ, ನೀವು ಸುಮ್ನೆ ಹೆದರ್ತೀರಿ. ದಾರೀಲೆಲ್ಲಾ ಇಂಥ ನರ್ಸಿಂಗ್ ಹೋಮ್ ಇದಾವೆ. ಮಗೂನ ಮೊದ್ಲು ಇಲ್ಲಿ ತೋರ್ಸಿ, ಆಮೇಲೆ ನಿಧಾನಕ್ಕೆ ಹೆಸರಘಟ್ಟಕ್ಕೆ ಕರ್ಕೊಂಡ್ ಬನ್ನಿ."

"ಇಲ್ಲಿಗೆ ಬಂದಿದ್ವಿ ಸಾರ್," ಅಂದೆ. "ಹೋದ ವರ್ಷ. ಅವಳ ಮೈಯೆಲ್ಲ ಅದುರ್ತಿತ್ತು. ಮಕ್ಕಳನ್ನ ನಾವು ತಗೊಳಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಅಂತ ಇದೇ ಬಾಗಿಲಿಂದ ಕಳಿಸಿದ್ರು. ಅಲ್ಲಿಗೆ ಮುಟ್ಟೋ ಹೊತ್ತಿಗೆ ಅವಳ ಎಡಗೈ ಬಿದ್ದೋಗಿತ್ತು. ಇವತ್ತಿಗೂ ಎತ್ತಕ್ಕಾಗಲ್ಲ."

ಅಧ್ಯಕ್ಷರು ಡ್ರೈವರಿಗೆ ಎಸಿ ಜಾಸ್ತಿ ಮಾಡಲು ಹೇಳಿದರು.

ಮುಂದಿನ ಸಭೆಯಲ್ಲಿ ಹೆಸರಘಟ್ಟವನ್ನೇ ಖಾಯಂ ಮಾಡಿದರು. ಆ ಸಭೆಗೆ ನನ್ನನ್ನು ಕರೆಯಲಿಲ್ಲ.