ಶಂಶುದ್ದೀನ್ ಮಿಸ್ತ್ರಿಯ ಟರ್ಬೊ

ಹುಮನಾಬಾದಿನಲ್ಲಿ ನಾನು ಮಾಸ್ತರನಾಗಿದ್ದ ಹನ್ನೊಂದು ವರ್ಷವೂ ನನ್ನ ಭಾನುವಾರದ ನಿದ್ದೆ ಶಂಶುದ್ದೀನ್ ಮಿಸ್ತ್ರಿಯ ಕೈಯಲ್ಲಿತ್ತು. ನನ್ನ ಬಾಡಿಗೆ ಕೋಣೆಗೂ ಅವನ ಗ್ಯಾರೇಜಿಗೂ ನಡುವೆ ಒಂದೇ ಗೋಡೆ. ಬೆಳಗಾದರೆ ಸಾಕು, ಯಾವುದಾದರೊಂದು ಇಂಜಿನ್ನು ಕೆಮ್ಮತೊಡಗುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ, ತಲೆ ಓರೆ ಮಾಡಿ, ಡಾಕ್ಟರಿಗಿಂತ ಗಂಭೀರವಾಗಿ ಕೇಳುತ್ತ ನಿಂತಿರುತ್ತಿದ್ದ. "ಎರಡನೇ ವಾಲ್ವ್ ಅಳಾಕತ್ತೈತ್ರಿ ಮಾಸ್ತರ" ಅನ್ನುತ್ತಿದ್ದ. ಅಳುತ್ತಿದ್ದವನು ನಾನು, ಅದು ಅವನ ಕಿವಿಗೆ ಬೀಳುತ್ತಿರಲಿಲ್ಲ.

ಅಪ್ಪ ಬಿಟ್ಟುಹೋದ ಆ ಗ್ಯಾರೇಜಿನ ಇನ್ನರ್ಧದಲ್ಲಿ ತಮ್ಮ ಬದ್ರುದ್ದೀನ್ ಗಾಡಿಗಳಿಗೆ ತಗಡು ಬಡಿದು ಬಣ್ಣ ಹಚ್ಚುತ್ತಿದ್ದ. ಕೆಲಸ ಮುಗಿದ ಪ್ರತಿ ಗಾಡಿಯ ಹಿಂದೆ 'ಬದ್ರು ಪೇಂಟರ್, ಹುಮನಾಬಾದ್' ಎಂದು ಬರೆದೇ ಬಿಡುತ್ತಿದ್ದ. ಅಣ್ಣನ ಕೆಲಸವೆಲ್ಲ ಬಾನೆಟ್ಟಿನ ಕೆಳಗೆ, ಅಲ್ಲಿ ಹೆಸರು ಬರೆದರೆ ಯಾರು ನೋಡಬೇಕು? ಜನ ಗಾಡಿ ನೋಡಿ "ವಾಹ್ ಬದ್ರು" ಅನ್ನುತ್ತಿದ್ದರು. ಶಂಶುದ್ದೀನ್ ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದ. ಅದು ಅವನಿಗೆ ಎಷ್ಟು ನೋಯುತ್ತಿತ್ತೆಂಬುದು ನನಗೆ ತಿಳಿದದ್ದು ತಡವಾಗಿ.

೧೯೮೪ರ ಬೇಸಿಗೆ. ಪಕ್ಕದ ಹುಡಗಿ ಎಂಬ ಊರಿನ ಸಾಹುಕಾರ ಮಹಾರುದ್ರಪ್ಪ ಪುಣೆಗೆ ಹೋಗಿದ್ದಾಗ ಒಂದು ಫಾರಿನ್ ಕಾರು ಅವರ ಅಂಬಾಸಿಡರನ್ನು ಹಿಂದೆ ಹಾಕಿ ಹೋಯಿತಂತೆ. ಅದರ ಬಾನೆಟ್ಟಿನ ಮೇಲೆ ಗೂನಿನಂಥದೊಂದು ಡುಬ್ಬ, ಹಿಂದೆ ಟರ್ಬೊ ಎಂಬ ಅಕ್ಷರ. ಸಾಹುಕಾರರು ಸೀದಾ ಗ್ಯಾರೇಜಿಗೆ ಬಂದು, ಅಂಗಿ ಹೊಲಿಸುವವರ ಹಾಗೆ, "ಶಂಶು, ನನಗೂ ಟರ್ಬೊ ಮಾಡಿಕೊಡು" ಎಂದರು.

"ಟರ್ಬೊ ಅಂದ್ರ ಹೊಗಿ ಜೋರಿಗೆ ತಿರುಗೋ ಫ್ಯಾನ್ ರೀ ಸಾವಕಾರ. ಇಂಜಿನ್ನಿಗೆ ಗಾಳಿ ತುರುಕತದ. ಇಲ್ಲಿ ಎಲ್ಲಿಂದ ತರ್ಲಿ?" ಎಂದ ಮಿಸ್ತ್ರಿ. ವಾಲ್ವ್ ಉಜ್ಜಿ, ಕಾರ್ಬ್ಯುರೇಟರ್ ತೊಳೆದು, ಇದ್ದ ಇಂಜಿನ್ನನ್ನೇ ಇನ್ನೂ ಜೋರಾಗಿ ಓಡುವ ಹಾಗೆ ಮಾಡುತ್ತೇನೆಂದ. ಸಾಹುಕಾರರ ಮುಖ ಇಳಿಯಿತು. ಇಳಿದ ಮುಖ ಬದ್ರುದ್ದೀನನಿಗೆ ನೋಡಲಾಗುವುದಿಲ್ಲ. ವಾರದೊಳಗೆ ಬಾನೆಟ್ಟಿನ ಮೇಲೆ ಅಗಲ ಬಾಯಿಯ ತಗಡಿನ ಡುಬ್ಬ ಕೂಡಿಸಿದ, ಕೆಂಪು ಪಟ್ಟಿ ಎಳೆದ, ಹಿಂದೆ ಗೇಣುದ್ದ ಕನ್ನಡ ಅಕ್ಷರದಲ್ಲಿ 'ಟರ್ಬೊ' ಎಂದು ಬರೆದು ಕೆಳಗೆ ತನ್ನ ಹೆಸರು ಹಾಕಿದ.

ಶಂಶುದ್ದೀನ್ ಕಲಿತದ್ದು ನಿಜಾಮನ ಕಾಲದ ಉರ್ದು ಶಾಲೆಯಲ್ಲಿ, ಅದೂ ಎರಡೇ ವರ್ಷ. ಕನ್ನಡ ಓದಲು ಬಾರದು. ಅದನ್ನು ಓದಿ ಹೇಳಿದ ಬುದ್ಧಿವಂತ ನಾನೇ.

"ಮ್ಯಾಲ ಥಳಕು, ಒಳಗ ಹುಳಕು! ನನ್ನ ಇಂಜಿನ್ ಮ್ಯಾಲ ಸುಳ್ಳು ಬರದಾನ!" ಎಂದು ಮಿಸ್ತ್ರಿ ಕೂಗಾಡಿದ. ಅಂದಿನಿಂದ ಅಣ್ಣತಮ್ಮಂದಿರ ಮಾತು ಬಂದ್. ಗ್ಯಾರೇಜಿನ ನಡುವೆ ಗೋಡೆ ಎಬ್ಬಿಸಲು ಇಟ್ಟಿಗೆ ಬಂದವು. ಶುಕ್ರವಾರದ ನಮಾಜ್ ಮುಗಿದ ಮೇಲೆ ಪಾಯ ತೆಗೆಯುವುದೆಂದು ನಿಶ್ಚಯವಾಯಿತು.

ಆದರೆ ಇಬ್ಬರ ಕೆಲಸವೂ ಒಂದೇ ಗಾಡಿಯಲ್ಲಿ. ಹಾಗಾಗಿ ಇಬ್ಬರೂ ಗಾಡಿಯೊಂದಿಗೆ ಮಾತಾಡತೊಡಗಿದರು. "ಏ ಗಾಡಿ, ಬಾನೆಟ್ ಎತ್ತಬೇಕಂತ ಹೇಳು" ಅಂತ ಅಣ್ಣ. "ಗಾಡಿ, ಪೇಂಟ್ ಇನ್ನಾ ಹಸಿ ಐತಿ, ಸಂಜಿಕ ಎತ್ರಿ ಅಂತ ಹೇಳು" ಅಂತ ತಮ್ಮ. ನಲವತ್ತು ದಾಟಿದ ಗಂಡಸರು! ಮೂವರಲ್ಲಿ ಮರ್ಯಾದೆಯಿಂದ ಸುಮ್ಮನಿದ್ದದ್ದು ಗಾಡಿ ಒಂದೇ.

ಗುರುವಾರ ಮಧ್ಯಾಹ್ನ ಬಸವಕಲ್ಯಾಣದ ದಾರಿಯಲ್ಲಿ ಗಾಡಿಯ ಪರೀಕ್ಷೆ. ಸಾಹುಕಾರರೇ ಓಡಿಸಿದರು. ಹಿಂದಿನ ಸೀಟಿನಲ್ಲಿ ಅಣ್ಣ ಒಂದು ಬದಿ, ತಮ್ಮ ಇನ್ನೊಂದು ಬದಿ, ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತೆ ನಡುವೆ ನಾನು. ಸಪಾಟು ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಏರು ಬಂದದ್ದೇ ತಡ, ಏದುಸಿರು ಬಿಡತೊಡಗಿತು. "ಇದೇನೋ ಟರ್ಬೊ?" ಎಂದರು ಸಾಹುಕಾರರು.

ಶಂಶುದ್ದೀನ್ ಇಳಿದು ಬಾನೆಟ್ ಎತ್ತಿದ. ಒಳಗಿನ ಝಳ ನನ್ನ ಮುಖಕ್ಕೂ ಹೊಡೆಯಿತು. ಅವನು ಇಂಜಿನ್ ನೋಡಿದ, ಬಾನೆಟ್ ಮುಚ್ಚಿ ಡುಬ್ಬದ ಬಾಯಲ್ಲಿ ಕೈಯಿಟ್ಟು ನೋಡಿದ. ಕೈ ಕೆಳಗಿನ ತಗಡಿಗೆ ತಾಗಿ ನಿಂತಿತು, ಗಾಳಿಗೆ ಒಳದಾರಿಯೇ ಇರಲಿಲ್ಲ. ಡುಬ್ಬದ ಭಾರಕ್ಕೇ ಗಾಡಿ ಏರಲಿಲ್ಲ ಅಂದುಬಿಟ್ಟಿದ್ದರೆ ಅವನೇ ಗೆದ್ದಿರುತ್ತಿದ್ದ, ಗೋಡೆಯೂ ಏಳುತ್ತಿತ್ತು. 'ಏ ಗಾಡಿ' ಅನ್ನುತ್ತಾನೆಂದು ನಾನು ಕಾದೆ.

"ಬದ್ರು, ಇಧರ್ ಆ" ಎಂದ. ಗಾಡಿಗಲ್ಲ, ತಮ್ಮನಿಗೆ. ಆಮೇಲೆ ಸಾಹುಕಾರರಿಗೂ ತಿಳಿಯಲೆಂದು ಕನ್ನಡದಲ್ಲಿ, "ಇಂಜಿನ್ ಕುದ್ದ ಗಾಳಿ ಕುಡ್ಯಾಕತ್ತೈತಿ. ನಿನ್ನ ಡುಬ್ಬದ ಕೆಳಗ ಬಾನೆಟ್ ಕೊರದು ಪೈಪ್ ಇಟ್ರ ತಣ್ಣನ ಗಾಳಿ ಸೀದಾ ಕಾರ್ಬ್ಯುರೇಟರಿಗೆ ಹೋಗ್ತದ. ಕೊರೀಲೇನು?"

ಬದ್ರುದ್ದೀನ್ ತನ್ನ ಕೆಂಪು ಪಟ್ಟಿಯ ಮೇಲೆ ಕೈಯಾಡಿಸಿದ. "ಬಣ್ಣ ಹೋಗ್ತದ."

"ಹೋಗ್ತದ."

"ಹೋಗ್ಲಿ ಬಿಡು, ಭಾಯಿ."

ಶುಕ್ರವಾರ ನಮಾಜ್ ಮುಗಿಸಿ ಇಬ್ಬರೂ ಪಾಯ ತೆಗೆಯುವ ಬದಲು ಬಾನೆಟ್ ಕೊರೆದರು. ಇಟ್ಟಿಗೆಗಳು ಗಾಲಿ ಬಿಚ್ಚಿದ ಗಾಡಿಗಳ ಕೆಳಗೆ ಸೇರಿದವು. ಮರುದಿನ ಅದೇ ಏರನ್ನು ಅಂಬಾಸಿಡರ್ ಗೇರು ಇಳಿಸದೆ ಹತ್ತಿತು. "ಟರ್ಬೊ ಅಂತ ಬರಿಯೋದೇನು ಬ್ಯಾಡ, ಹಿಂಗ ಓಡಿದ್ರ ಸಾಕು" ಎಂದರು ಸಾಹುಕಾರರು. ಮಳೆಗಾಲದಲ್ಲಿ ನೀರು ನುಗ್ಗದಂತೆ ಡುಬ್ಬದ ಬಾಯಿಗೆ ಟವೆಲ್ ತುರುಕಬೇಕಾಗುತ್ತಿತ್ತು, ಅದು ಬೇರೆ ಮಾತು.

ಗಾಡಿ ಹುಡಗಿ ಊರಿಗೆ ಹೊರಡುವ ಮುನ್ನ ಶಂಶುದ್ದೀನ್ ನನ್ನ ಬಾಗಿಲು ಬಡಿದ. "ಹಿಂದ ಬದ್ರು ಏನೋ ಹೊಸಾದು ಬರದಾನ. ಮತ್ತ ಸುಳ್ಳೇನು, ಓದ್ರಿ ಮಾಸ್ತರ."

'ಟರ್ಬೊ' ಅಳಿಸಿತ್ತು. ಗೇಣುದ್ದದ ಅಕ್ಷರಗಳನ್ನು ಓದಿದೆ: "ಶಂಶುದ್ದೀನ್ ಮಿಸ್ತ್ರಿ, ಹುಮನಾಬಾದ್." ಅದರ ಕೆಳಗೆ ಸಣ್ಣದಾಗಿ, "ಬಣ್ಣ: ತಮ್ಮ ಬದ್ರು."

"ಇನ್ನೊಮ್ಮೆ ಓದ್ರಿ" ಎಂದ.

ಓದಿದೆ. ಮೂರನೆಯ ಸಲವೂ ಓದಿಸಿದ. ವಾಲ್ವಿನ ಸದ್ದು ಕೇಳುವಾಗಿನಂತೆ ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕೇಳಿದ.